ಡ್ರೆಸ್ಸರ್ ಕೆಲಸ: ಚೌಕಿ ನೋಡಿ ಬೆಳೆದವರಿಗೆ ಒಂದು ಟಿಪ್ಪಣಿ

ಫ್ಯಾಷನ್ ಶೋದಲ್ಲಿ ಪರದೆಯ ಹಿಂದೆ ನಿಂತು ಮಾಡೆಲ್‌ಗೆ ಬಟ್ಟೆ ತೊಡಿಸುವವರನ್ನು ಡ್ರೆಸ್ಸರ್ ಅನ್ನುತ್ತಾರೆ. ಜಾಸ್ತಿಯಾಗಿ ಇದಕ್ಕೆ ಕರೆಯುವುದು ಹೊಲಿಗೆ, ಫ್ಯಾಷನ್ ಕಲಿಯುತ್ತಿರುವವರನ್ನೇ. ನಮ್ಮ ಕ್ಲಾಸಿನಿಂದ ಈ ಸಲ ಕೆಲವರು ಮೊದಲ ಬಾರಿ ಹೋಗುತ್ತಿದ್ದೀರಿ. ನಾನು ಮೂರು ಶೋಗಳಲ್ಲಿ ನಿಂತಿದ್ದೇನೆ. ಕಲಿತದ್ದನ್ನು ಇಲ್ಲಿ ಬರೆದಿಡುತ್ತೇನೆ.

ಕಾಸರಗೋಡಿನವರಿಗೆ ಇದು ಪೂರ್ತಿ ಹೊಸ ಕೆಲಸ ಅಲ್ಲ. ಕುಂಬಳೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ಮಧೂರು, ಎಡನೀರು ಕಡೆ ಯಕ್ಷಗಾನದ ಆಟ ನೋಡುತ್ತಾ ಬೆಳೆದವರಿಗೆ ಚೌಕಿ, ಅಂದರೆ ವೇಷ ಕಟ್ಟುವ ಜಾಗ, ಗೊತ್ತು. ವೇಷಧಾರಿ ಮುಖದ ಬಣ್ಣ ತಾನೇ ಬರೆದುಕೊಳ್ಳುತ್ತಾನೆ. ಆದರೆ ಎದೆಪದಕ, ಭುಜಕೀರ್ತಿ, ಕಿರೀಟ ಕಟ್ಟುವಾಗ ಬೆನ್ನ ಹಿಂದೆ ಇನ್ನೊಬ್ಬರು ಬೇಕೇ ಬೇಕು. ಲಾಡಿ ಎಳೆದು ಬಿಗಿದು "ಸಾಕಾ?" ಎಂದು ಕೇಳುವವರು. ಡ್ರೆಸ್ಸರ್ ಅಂದರೆ ಆ ಬೆನ್ನ ಹಿಂದಿನವರು.

ವ್ಯತ್ಯಾಸ ಇರುವುದು ಸಮಯದಲ್ಲಿ. ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸ ಪಾತ್ರಕ್ಕೆ, ಮುಖದಲ್ಲಿ ಅಕ್ಕಿಹಿಟ್ಟಿನ ಚುಟ್ಟಿ ಇಡಲಿಕ್ಕೇ ಗಂಟೆಗಟ್ಟಲೆ ಬೇಕು. ರ‍್ಯಾಂಪಿನ ಮೇಲೆ ಒಬ್ಬ ಡಿಸೈನರ್‌ನ ಶೋ ಸಾಮಾನ್ಯವಾಗಿ 10–15 ನಿಮಿಷದಲ್ಲಿ ಮುಗಿಯುತ್ತದೆ. ಅಷ್ಟರೊಳಗೆ ಒಬ್ಬ ಮಾಡೆಲ್ ಎರಡು ಸಲವಾದರೂ ನಡೆಯಬೇಕಾಗಬಹುದು. ನಡುವೆ ನಮಗೆ ಸಿಗುವುದು ಒಂದೆರಡು ನಿಮಿಷ. ಕೆಲವೊಮ್ಮೆ ಅದೂ ಇಲ್ಲ.

ಕೈ ಚುರುಕಾಗಿದ್ದರೆ ಸಾಕು ಅಂತ ನಾನು ಅಂದುಕೊಂಡಿದ್ದೆ. ಹಾಗಲ್ಲ. ಮಾಡೆಲ್ ಓಡಿ ಬರುವ ಮೊದಲೇ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಿರಬೇಕು. ಈ ಟಿಪ್ಪಣಿಯಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ರ‍್ಯಾಕಿನ ಹತ್ತಿರ

ಶೋ ಶುರುವಾಗಲು ಗಂಟೆಗಳಿರುವಾಗಲೇ ನಮ್ಮನ್ನು ಬರಹೇಳುತ್ತಾರೆ. ಪ್ರತಿ ಮಾಡೆಲ್‌ಗೆ ರ‍್ಯಾಕಿನಲ್ಲಿ ಒಂದು ಜಾಗ. ಅಲ್ಲಿ ಅವರ ಹೆಸರು, ಪ್ರತಿ ಉಡುಪಿನ ಫೋಟೋ, ಸಾಲಿನಲ್ಲಿ ಎಷ್ಟನೆಯವರು ಎಂಬ ನಂಬರ್. ಒಂದು ಪೂರ್ತಿ ಉಡುಪನ್ನು, ಅಂದರೆ ಬಟ್ಟೆ, ಚಪ್ಪಲಿ, ಆಭರಣ ಎಲ್ಲ ಸೇರಿಸಿ, ಲುಕ್ ಎನ್ನುತ್ತಾರೆ. ಫೋಟೋವನ್ನು ನಿಧಾನವಾಗಿ ನೋಡಿ. ಶಾಲು ಯಾವ ಹೆಗಲ ಮೇಲಿದೆ? ತೋಳು ಮಡಚಿದೆಯಾ? ಬಳೆ ಯಾವ ಕೈಗೆ? ಡಿಸೈನರ್ ಒಪ್ಪಿದ್ದು ಆ ಫೋಟೋವನ್ನು. ನಮಗೆ ಚಂದ ಕಂಡ ಹಾಗೆ ಬದಲಿಸಲಿಕ್ಕೆ ಇಲ್ಲ.

ಆಮೇಲೆ ಎಲ್ಲವನ್ನೂ ತೆರೆದಿಡಬೇಕು. ಜಿಪ್ ಕೆಳಗಿನವರೆಗೆ ಎಳೆದಿರಲಿ. ಗುಂಡಿ, ಹುಕ್ ಬಿಚ್ಚಿರಲಿ. ಬೆಲೆಯ ಚೀಟಿ ಎಲ್ಲಾದರೂ ನೇತಾಡುತ್ತಿದೆಯಾ ನೋಡಿ. ಆಭರಣದ ಚೀಲವನ್ನು ಅದೇ ಲುಕ್‌ನ ಹ್ಯಾಂಗರಿಗೆ ಸಿಕ್ಕಿಸಿ. ಚಪ್ಪಲಿಯನ್ನು ಕಾಲು ಹಾಕುವ ದಿಕ್ಕಿಗೆ ತಿರುಗಿಸಿ ನೆಲದಲ್ಲಿಡಿ. ಎರವಲು ತಂದ ಚಪ್ಪಲಿಯಾದರೆ ಅಟ್ಟೆಗೆ ಟೇಪ್ ಅಂಟಿಸಿರುತ್ತಾರೆ, ಗೀರು ಬೀಳದ ಹಾಗೆ. ಅದು ಕಿತ್ತು ಬಂದಿಲ್ಲವಲ್ಲ ಎಂದು ಬೆರಳಾಡಿಸಿ ನೋಡಿ. ಜಾರಿದರೆ ಬೀಳುವುದು ಮಾಡೆಲ್.

ನನ್ನ ಎರಡನೆಯ ಶೋದಲ್ಲಿ ಎಲ್ಲ ತೆರೆದಿಟ್ಟಿದ್ದೆ, ಚಪ್ಪಲಿಯ ಬಕಲ್ ಒಂದನ್ನು ಬಿಟ್ಟು. ನಮ್ಮ ಕರಾವಳಿಯ ಸೆಖೆ ಗೊತ್ತಲ್ವಾ? ಬೆವರಿದ ಬೆರಳಿಗೆ ಆ ಸಣ್ಣ ಬಕಲ್ ಹಿಡಿತಕ್ಕೇ ಸಿಗಲಿಲ್ಲ. ಸಾಲು ಬದಲಿಸಿ ಬೇರೆಯವರನ್ನು ಮೊದಲು ಕಳಿಸಬೇಕಾಯಿತು. ಆ ಮಾಡೆಲ್ ನನಗೆ ಏನೂ ಹೇಳಲಿಲ್ಲ. ಆದರೆ ಅವಳ ಕಾಲು ನಡುಗುತ್ತಿದ್ದದ್ದು ನನ್ನ ಕೈಗೆ ಗೊತ್ತಾಗುತ್ತಿತ್ತು. ಆಮೇಲಿಂದ ಸೊಂಟಕ್ಕೆ ಒಂದು ತೆಳು ಬೈರಾಸು (ಟವೆಲ್) ಸಿಕ್ಕಿಸಿಕೊಳ್ಳುತ್ತೇನೆ. ಮೊದಲು ನನ್ನ ಕೈ ಒರೆಸುತ್ತೇನೆ, ಆಮೇಲೆ ಮಾಡೆಲ್‌ನ ಬೆನ್ನು. ಒದ್ದೆ ಮೈಗೆ ಬಟ್ಟೆ ಅಂಟಿಕೊಂಡು ಜಿಪ್ ಮೇಲೆ ಬರುವುದಿಲ್ಲ. ಪೌಡರ್ ಹಾಕಬೇಡಿ, ಕಪ್ಪು ಬಟ್ಟೆಯಲ್ಲಿ ಬಿಳಿ ಕಲೆ ಎದ್ದು ಕಾಣುತ್ತದೆ.

ಬದಲಿಸುವ ಹೊತ್ತು

ಮಾಡೆಲ್ ಒಳಗೆ ಬಂದ ಕೂಡಲೇ ಮೊದಲು ಆಭರಣ ತೆಗೆಯಿರಿ, ಇಲ್ಲದಿದ್ದರೆ ನೂಲು ಸಿಕ್ಕಿಕೊಂಡು ಹರಿಯುತ್ತದೆ. ಅವರು ಚಪ್ಪಲಿ ಕಳಚುವಾಗ ನೀವು ಹಿಂದಿನ ಜಿಪ್ ಎಳೆಯಿರಿ. ಬಿಚ್ಚಿದ್ದನ್ನು ಎತ್ತಿ ಬದಿಗೆ ಹಾಕಿ, ಅದರ ಮೇಲೆ ಯಾರೂ ಕಾಲಿಡಬಾರದು. ಹೊಸ ಉಡುಪನ್ನು ಆದಷ್ಟು ಕಾಲಿನ ಕಡೆಯಿಂದ ಹಾಕಿಸಿ. ತಲೆಯ ಮೇಲಿನಿಂದಲೇ ಹಾಕಬೇಕಾದರೆ ಮುಖಕ್ಕೆ ತೆಳು ಬಟ್ಟೆ ಮುಚ್ಚಿ. ಲಿಪ್‌ಸ್ಟಿಕ್ ತಾಗಿದರೆ ಕತೆ ಮುಗಿಯಿತು.

ಸೀರೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಯಾಕೆಂದರೆ ನಮ್ಮ ಕಡೆಯ ಶೋ ಅಂದರೆ ಕಾಸರಗೋಡು ಸೀರೆ ಬರುವ ಸಾಧ್ಯತೆ ಹೆಚ್ಚು. ಜಿಐ (ಭೌಗೋಳಿಕ ಸೂಚಕ) ಗುರುತು ಸಿಕ್ಕಿರುವ ನಮ್ಮ ಹತ್ತಿ ಕೈಮಗ್ಗದ ಸೀರೆ ಅದು. ಒಂದು ನಿಮಿಷದಲ್ಲಿ ಸೀರೆ ಉಡಿಸುವುದು ಆಗದ ಮಾತು. ಹಾಗಾಗಿ ನೆರಿಗೆ, ಸೆರಗು ಎರಡನ್ನೂ ಮೊದಲೇ ಹಿಡಿದು, ಇಸ್ತ್ರಿ ಹಾಕಿ, ಕ್ಲಿಪ್ ಸಿಕ್ಕಿಸಿ ನೇತುಹಾಕಬೇಕು. ಗಂಜಿ ಹಾಕಿದ ಹತ್ತಿ ಇಲ್ಲಿ ನಮಗೆ ಉಪಕಾರಿ. ಹಿಡಿದ ನೆರಿಗೆ ನಿಂತ ಹಾಗೇ ನಿಲ್ಲುತ್ತದೆ, ನುಣುಪು ರೇಷ್ಮೆಯ ಹಾಗೆ ಜಾರುವುದಿಲ್ಲ. ಆದರೆ ತಪ್ಪು ಮಡಿಕೆ ಬಿದ್ದರೆ ಅದೂ ಹಾಗೇ ನಿಲ್ಲುತ್ತದೆ. ಪಿನ್ನನ್ನು ಬಟ್ಟೆಗೆ ಒತ್ತಿ ಚುಚ್ಚಬೇಡಿ. ಎಳೆಗಳ ನಡುವೆ ದಾರಿ ಮಾಡಿಕೊಂಡು ಮೆಲ್ಲಗೆ ಹೋಗಲಿ. ಹಿಂದೆ ಒಂದು ಸಣ್ಣ ಚಿಂದಿ ಇಟ್ಟರೆ ಎಳೆ ಹರಿಯುವುದಿಲ್ಲ. ಮಗ್ಗದಲ್ಲಿ ಕೂತು ನೇಯ್ದವರ ದಿನಗಟ್ಟಲೆಯ ಕೆಲಸ ಅದು, ಒಂದು ಪಿನ್ನಿನಿಂದ ಹಾಳಾಗಬಾರದು.

ಮುಟ್ಟುವ ಮೊದಲು ಹೇಳಿ. "ಜಿಪ್ ಹಾಕ್ತೇನೆ", "ಸೊಂಟದ ಹತ್ತಿರ ಪಿನ್ ಬರ್ತದೆ". ಅಷ್ಟು ಅವಸರದಲ್ಲೂ ಇದು ಸಾಧ್ಯ. ಅವರು ಅರೆ ಉಡುಪಿನಲ್ಲಿ ಒಬ್ಬ ಅಪರಿಚಿತರ ಮುಂದೆ ನಿಂತಿದ್ದಾರೆ. ಬೇರೆ ಕಡೆ ನೋಡುವುದು, ಬೈರಾಸು ಅಡ್ಡ ಹಿಡಿಯುವುದು, ಮೊಬೈಲನ್ನು ಚೀಲದಿಂದ ಹೊರಗೇ ತೆಗೆಯದಿರುವುದು, ಇವೂ ಕೆಲಸದ ಭಾಗ. ನನ್ನ ಲೆಕ್ಕದಲ್ಲಿ ಜಿಪ್ ಹಾಕುವುದಕ್ಕಿಂತ ಇದೇ ದೊಡ್ಡದು.

ಭಾಷೆಯ ಚಿಂತೆ ಬೇಡ. ನಮ್ಮಲ್ಲಿ ಒಬ್ಬರು ತುಳುವಿನಲ್ಲಿ "ಆಂಡಾ?" ಅಂತಾರೆ, ಇನ್ನೊಬ್ಬರು ಮಲಯಾಳದಲ್ಲಿ "ಆಯೋ?" ಅಂತಾರೆ, ನಾವು "ಆಯ್ತಾ?" ಅಂತೇವೆ. ಮೂರೂ ಒಂದೇ. ಸಾಲಿನ ನಂಬರನ್ನು ಮಾತ್ರ ಎಲ್ಲರಿಗೂ ಅರ್ಥ ಆಗುವ ಹಾಗೆ ಇಂಗ್ಲಿಷಿನಲ್ಲಿ ಕೂಗುತ್ತಾರೆ.

ನೀವು ಕಪ್ಪು ಬಟ್ಟೆ ಹಾಕಿಕೊಂಡು ಹೋಗಿ. ಉಂಗುರ, ಬಳೆ ಮನೆಯಲ್ಲೇ ಬಿಡಿ.

ಚಪ್ಪಾಳೆ ಕೇಳಿದ ಮೇಲೂ ಕೆಲಸ ಇದೆ. ಪ್ರತಿ ಲುಕ್ ಅದರದೇ ಹ್ಯಾಂಗರಿಗೆ ವಾಪಸ್ ಹೋಗಬೇಕು, ಓಲೆಗಳನ್ನು ಜೋಡಿ ಲೆಕ್ಕ ಮಾಡಿ ಚೀಲಕ್ಕೆ ಹಾಕಬೇಕು. ಸೀರೆಯ ಅಂಚಿನಲ್ಲಿ ಕೈಯಾಡಿಸಿ ಪಿನ್ ಉಳಿದಿದೆಯಾ ನೋಡಿ. ಬೆವರು ಹೀರಿದ ಬಟ್ಟೆಯನ್ನು ಕೂಡಲೇ ಪ್ಲಾಸ್ಟಿಕ್ ಕವರಿಗೆ ತುಂಬಬೇಡಿ, ನಮ್ಮ ಹವೆಯಲ್ಲಿ ಗಂಜಿ ಬಟ್ಟೆಗೆ ಬೇಗ ಬೂಸ್ಟು ಹಿಡಿಯುತ್ತದೆ. ಒಳಮೈ ಹೊರಗೆ ಮಾಡಿ, ಫ್ಯಾನಿನ ಕೆಳಗೆ ಆರಲು ಬಿಟ್ಟು, ಆಮೇಲೆ ಮಡಚಿ.