ಹಳೇ ಟೋಪೋಶೀಟ್‌ನಲ್ಲಿ ಮೊದಲು ಕೆರೆ ಹುಡುಕಿ

ಹಳೆಯ ಟೋಪೋಶೀಟ್, ಅಂದರೆ ನೆಲದ ಏರಿಳಿತ, ಊರು, ದಾರಿ, ನೀರು ಎಲ್ಲ ತೋರಿಸುವ ಸರ್ವೆ ನಕ್ಷೆ, ಕೈಗೆ ಸಿಕ್ಕ ತಕ್ಷಣ ಎಲ್ಲರೂ ತಮ್ಮ ಊರಿನ ಹೆಸರು ಹುಡುಕುತ್ತಾರೆ. ನಾನು ಮಾತ್ರ ಮೊದಲು ನೀರು ನೋಡಿ ಅಂತೀನಿ. ಬಯಲುಸೀಮೆಯಲ್ಲಿ ಊರು ಅಲ್ಲೇ ಯಾಕೆ ಕೂತಿದೆ, ದಾರಿ ಯಾಕೆ ಬಳಸಿಕೊಂಡು ಹೋಗಿದೆ ಅನ್ನುವುದಕ್ಕೆ ಉತ್ತರ ಬಹುಪಾಲು ಕೆರೆಯಲ್ಲೇ ಇರುತ್ತದೆ.

ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳು ಮೈಲಿಗೆ ಒಂದು ಇಂಚು ಅಳತೆಯವು, ಅಂದರೆ 1:63,360. ಮೆಟ್ರಿಕ್ ಬಂದ ಮೇಲೆ 1:50,000 ಆಯಿತು. ಹಳದಿ ಬೇಸಾಯದ ಜಮೀನು, ಹಸಿರು ಕಾಡು, ಕಂದು ಗೆರೆ ನೆಲದ ಏರಿಳಿತ. ಕೆರೆ ಏರಿಯ ಪಕ್ಕ ಪುಟ್ಟ ಅಂಕಿ, ಅದರ ಜೊತೆ ‘ಆರ್’ ಅಕ್ಷರ ಇದ್ದರೆ ಬಿಡಬೇಡಿ. ಅದು ಸಮುದ್ರಮಟ್ಟದ ಲೆಕ್ಕವಲ್ಲ, ಪಕ್ಕದ ನೆಲದಿಂದ ಏರಿ ಎಷ್ಟು ಎತ್ತರ ಅನ್ನುವ ಲೆಕ್ಕ. ಕೋಡಿಯಿಂದ ಹಳ್ಳದ ಗುಂಟ ಬೆರಳಿಟ್ಟು ಕೆಳಗೆ ಬನ್ನಿ. ಇನ್ನೊಂದು ಕೆರೆ, ಅದರ ಕೆಳಗೆ ಮತ್ತೊಂದು. ನಡುವೆ ಎಲ್ಲಾದರೂ ನೀಲಿ ಇಲ್ಲದೆ ಏರಿಯ ಗುರುತಷ್ಟೇ ಇದ್ದರೆ ಅದು ಒಡೆದ ಕೆರೆ ಇರಬಹುದು. ಹೋಗಿ ನೋಡಲೇಬೇಕಾದ ಜಾಗ ಅದು.

ಆಮೇಲೆ ಬಂಡಿ ದಾರಿಗಳು. ಮೂರ್ನಾಲ್ಕು ದಾರಿ ಬಂದು ಸೇರುವ ಕಡೆ ಊರೇ ಇಲ್ಲ ಅಂದರೆ ಅನುಮಾನ ಬರಬೇಕು ಅಲ್ವಾ? ಜನ ಬಿಟ್ಟುಹೋದ ಊರಿನ ಮನೆಗಳನ್ನು ಈ ಹಾಳೆಗಳಲ್ಲಿ ಬಣ್ಣ ತುಂಬದೆ ಬರೀ ಗೆರೆಯಲ್ಲಿ ತೋರಿಸಿರುತ್ತಾರೆ. ಕಂದಾಯ ದಾಖಲೆ ತೆಗೆದರೆ ಅದೇ ಜಾಗ ಬೇಚರಾಕ್ ಗ್ರಾಮವಾಗಿ ಸಿಗಬಹುದು: ಎಲ್ಲೆ ಇದೆ, ಸರ್ವೆ ನಂಬರ್ ಇದೆ, ಜನ ಇಲ್ಲ. ಪ್ಲೇಗ್ ಬಂತೋ, ಕೆರೆ ಒಡೆಯಿತೋ, ನಕ್ಷೆ ಹೇಳುವುದಿಲ್ಲ. ಸುಮ್ನೆ ಕಥೆ ಕಟ್ಟದೆ ಅಕ್ಕಪಕ್ಕದ ಊರಿನ ಹಿರಿಯರನ್ನು ಕೇಳಿ.

ಅಂಚಿನಲ್ಲಿರುವ ಇಸವಿಗಳನ್ನೂ ಓದಿ. ಅಚ್ಚಾದ ವರ್ಷ ಬೇರೆ, ಅಳತೆ ಮಾಡಿದ ವರ್ಷ ಬೇರೆ. ಹಳೆಯ ಸರ್ವೆಯ ಮೇಲೆ ರಸ್ತೆ, ರೈಲುದಾರಿ ಮಾತ್ರ ಹೊಸದಾಗಿ ಸೇರಿಸಿ ಅಚ್ಚು ಹಾಕಿದ್ದೂ ಇದೆ.

ಈಗ ಮೊಬೈಲಿನ ಉಪಗ್ರಹ ಚಿತ್ರದ ಮೇಲೆ ಹಳೆಯ ಹಾಳೆ ಕೂರಿಸಿ ನೋಡುವವರು ಜಾಸ್ತಿ. ಅಕ್ಷಾಂಶ, ರೇಖಾಂಶ ಗುರುತಿಸಲು ಭೂಮಿಯ ಆಕಾರದ ಒಂದು ಲೆಕ್ಕ ಬೇಕು. ಹಳೆಯ ಹಾಳೆಗಳು ‘ಎವರೆಸ್ಟ್ 1830’ ಅನ್ನುವ ಲೆಕ್ಕದವು, ಜಿಪಿಎಸ್‌ನದು ಬೇರೆ ಲೆಕ್ಕ. ಅಕ್ಷಾಂಶ, ರೇಖಾಂಶ ನೋಡಿ ಹಾಗೇ ಕೂರಿಸಿದರೆ ನಮ್ಮ ಕಡೆ ನೂರು ಮೀಟರ್‌ಗೂ ಜಾಸ್ತಿ ಸರಿಯುತ್ತದೆ, ಬಾವಿ ಪಕ್ಕದವರ ಹೊಲಕ್ಕೆ ಹೋಗಿಬಿಡುತ್ತದೆ. ಹೊಂದಿಸಲು ರಸ್ತೆ ಕೂಡುವ ಜಾಗ ನಂಬಬೇಡಿ, ಅಗಲ ಮಾಡುವಾಗ ಅದು ಜರುಗಿರುತ್ತದೆ. ಏರಿಯ ಎರಡು ತುದಿ, ಹಳೆಯ ಗುಡಿ, ಬೆಟ್ಟದ ನೆತ್ತಿಯ ತ್ರಿಕೋನದ ಗುರುತು (ಸರ್ವೆಯವರ ಅಳತೆಯ ಬಿಂದು) ಹಿಡಿದು ಹೊಂದಿಸಿ.