ಎಲ್‌ಎನ್‌ಜಿ ರಫ್ತು: ಪಾಲು ಯಾರದು, ಸಾಲ ಯಾವ ಭರವಸೆ ಮೇಲೆ?

ಕಾರವಾರದ ರೂಮಿನಲ್ಲಿ ಎರಡು ರಾತ್ರಿ ಎಲ್‌ಎನ್‌ಜಿ (ದ್ರವ ನೈಸರ್ಗಿಕ ಅನಿಲ) ರಫ್ತಿನ ಪಾಠ ಹಿಡಿದು ಕೂತಿದ್ದೆ. ನಿನ್ನೆ ತಲೆಗೆ ಹತ್ತಿತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಗ್ಯಾಸನ್ನು ಮೈನಸ್ 162 ಡಿಗ್ರಿಗೆ ತಣಿಸಿ ದ್ರವ ಮಾಡಿ ಹಡಗಿಗೆ ತುಂಬುವುದು ನಿಮಗೆಲ್ಲ ಗೊತ್ತಿದೆ, ಅದನ್ನು ಬಿಡುತ್ತೇನೆ.

ಒಡೆತನದ ಬಗೆ ಮೂರು. ನಮ್ಮೂರು ಬನವಾಸಿ ಕಡೆ, ಹಾಗಾಗಿ ನಾನು ಅಕ್ಕಿ ಮಿಲ್ಲು ನೆನೆಸಿಕೊಳ್ಳುತ್ತೇನೆ. ಗದ್ದೆ ಅಂದರೆ ಗ್ಯಾಸ್ ಬಾವಿ, ಮಿಲ್ಲು ಅಂದರೆ ಗ್ಯಾಸನ್ನು ದ್ರವ ಮಾಡುವ ಸ್ಥಾವರ. ಗದ್ದೆಯವರೇ ಸೇರಿ ಮಿಲ್ಲೂ ಕಟ್ಟಿ ಅಕ್ಕಿ ಮಾರಿದರೆ ಇಂಟಿಗ್ರೇಟೆಡ್. ಕತಾರಿನಲ್ಲಿ ಹೀಗಿದೆ. ಮಿಲ್ಲಿನವನು ಭತ್ತ ಕೊಂಡು ತಾನೇ ಅಕ್ಕಿ ಮಾರಿದರೆ ಮರ್ಚೆಂಟ್. ಭತ್ತವೂ ನಿಮ್ಮದು, ಅಕ್ಕಿಯೂ ನಿಮ್ಮದು, ಮಿಲ್ಲಿಗೆ ಬರೀ ಕೂಲಿ ಕೊಟ್ಟರೆ ಟೋಲಿಂಗ್. ಅಮೆರಿಕದ ಫ್ರೀಪೋರ್ಟ್ ಸ್ಥಾವರ ಈ ಬಗೆಯದು.

ನಾನು ಸಿಕ್ಕಿಬಿದ್ದದ್ದು ಮರ್ಚೆಂಟ್‌ನಲ್ಲಿ. ಬಾವಿಯಿಂದ ಸ್ಥಾವರಕ್ಕೆ ಗ್ಯಾಸ್ ಎಷ್ಟು ಬೆಲೆಗೆ ಹೋಗಬೇಕು ಅನ್ನುವುದಕ್ಕೆ ಎರಡೂ ಕಡೆ ಪಾಲಿರುವವರು ಯಾಕೆ ಜಗಳ ಆಡುತ್ತಾರೆ? ದುಡ್ಡು ಎಲ್ಲಾ ಒಂದೇ ಪ್ರಾಜೆಕ್ಟಿನದು ಅಲ್ವಾ? ಲೆಕ್ಕ ಹಾಕಿ ನೋಡಿದ ಮೇಲೆ ಅರ್ಥವಾಯಿತು.

ಎಲ್‌ಎನ್‌ಜಿ ಮಾರಿ 100 ಬಂತು ಅಂತಿಟ್ಟುಕೊಳ್ಳಿ. ಬಾವಿಯ ಖರ್ಚು 20, ಸ್ಥಾವರದ ಖರ್ಚು 30. ಒಟ್ಟು ಲಾಭ 50. ರಾಮನಿಗೆ ಬಾವಿಯಲ್ಲಿ ಶೇ 40, ಸ್ಥಾವರದಲ್ಲಿ ಶೇ 10 ಪಾಲು. ಭೀಮನಿಗೆ ಇದರ ಉಲ್ಟಾ. ನಡುವಿನ ಬೆಲೆ 40 ಆದರೆ ಬಾವಿಗೆ ಲಾಭ 20, ಸ್ಥಾವರಕ್ಕೆ 30. ರಾಮನಿಗೆ 8 ಮತ್ತು 3, ಅಂದರೆ 11. ಭೀಮನಿಗೆ 2 ಮತ್ತು 12, ಅಂದರೆ 14. ಈಗ ಬೆಲೆ 60 ಮಾಡಿ. ಬಾವಿಗೆ 40, ಸ್ಥಾವರಕ್ಕೆ 10. ರಾಮನಿಗೆ 17, ಭೀಮನಿಗೆ 8. ಒಟ್ಟು ಲಾಭ ಆಗಲೂ 50, ಈಗಲೂ 50!

ಎರಡೂ ಕಡೆ ಶೇ 25 ಪಾಲಿರುವವನಿಗೆ ಬೆಲೆ 40 ಇರಲಿ, 60 ಇರಲಿ, ಸಿಗುವುದು 12.5. ಅವನಿಗೆ ಜಗಳ ಬೇಕಾಗಿಯೇ ಇಲ್ಲ. ಪಾಲು ಎರಡೂ ಕಡೆ ಒಂದೇ ಇರಲಿ ಅಂತ ಹೇಳುವುದು ಇದಕ್ಕೇ. ಸರ್ಕಾರ ಬಾವಿಗೊಂದು, ಸ್ಥಾವರಕ್ಕೊಂದು ತೆರಿಗೆ ಹಾಕಿದರೆ ಮಾತ್ರ ಈ ಬೆಲೆ ಮತ್ತೆ ಮುಖ್ಯವಾಗುತ್ತದೆ.

ಟ್ರಿನಿಡಾಡಿನ ಅಟ್ಲಾಂಟಿಕ್ ಎಲ್‌ಎನ್‌ಜಿಯಲ್ಲಿ ಗ್ಯಾಸನ್ನು ದ್ರವ ಮಾಡುವ ನಾಲ್ಕು ಘಟಕಗಳಿದ್ದು, ಒಂದೊಂದರಲ್ಲೂ ಪಾಲು ಬೇರೆ ಬೇರೆ ಇತ್ತು. ಅಲ್ಲಿನ ಸರ್ಕಾರಿ ಗ್ಯಾಸ್ ಕಂಪನಿಗೆ ಮೊದಲ ಘಟಕದಲ್ಲಿ ಶೇ 10, ನಾಲ್ಕನೆಯದರಲ್ಲಿ ಶೇ 11.11, ನಡುವಿನ ಎರಡರಲ್ಲಿ ಏನೂ ಇಲ್ಲ. ಮೊದಲ ಘಟಕ ಶುರುವಾದದ್ದು 1999ರಲ್ಲಿ. ಎಲ್ಲವನ್ನೂ ಒಂದೇ ಲೆಕ್ಕಕ್ಕೆ ತರುವ ಒಪ್ಪಂದ ಆದದ್ದು 2023ರ ಡಿಸೆಂಬರಿನಲ್ಲಿ. ಮೊದಲೇ ಸರಿ ಮಾಡದಿದ್ದರೆ ಆಮೇಲೆ ಬಿಡಿಸುವುದು ಎಷ್ಟು ಕಷ್ಟ ನೋಡಿ.

ಈಗ ಸಾಲ. ಟೋಲಿಂಗ್ ಸ್ಥಾವರಕ್ಕೆ ಸ್ವಂತ ಗ್ಯಾಸೇ ಇಲ್ಲ, ಬ್ಯಾಂಕು ಹೇಗೆ ನಂಬುತ್ತದೆ? ಬ್ಯಾಂಕು ನೋಡುವುದು ಕೂಲಿ ಕೊಡುವವನ ತಾಕತ್ತನ್ನು. ಭತ್ತ ತರದಿದ್ದರೂ ಕೂಲಿ ಕೊಡಲೇಬೇಕು ಅಂತ ಕರಾರು ಇರುತ್ತದೆ. ನಮ್ಮ ಗೇಲ್ ಕಂಪನಿ 2011ರಲ್ಲಿ ಅಮೆರಿಕದ ಸಬೀನ್ ಪಾಸ್ ಸ್ಥಾವರದ ಜೊತೆ ವರ್ಷಕ್ಕೆ 35 ಲಕ್ಷ ಟನ್‌ಗೆ 20 ವರ್ಷದ ಒಪ್ಪಂದ ಮಾಡಿಕೊಂಡಿತು. ಬೆಲೆ ಅಂದರೆ ಹೆನ್ರಿ ಹಬ್ ದರದ (ಅಮೆರಿಕದ ಗ್ಯಾಸ್ ಮಾರುಕಟ್ಟೆ ದರ) ಶೇ 115, ಜೊತೆಗೆ ನಿಗದಿ ಶುಲ್ಕ. ಇದು ಟೋಲಿಂಗ್ ಅಲ್ಲ, ಖರೀದಿಯೇ. ಆದರೂ ಹಡಗು ಬೇಡ ಅಂದರೆ ಶುಲ್ಕ ತಪ್ಪುವುದಿಲ್ಲ. ಸಾಲ ನಿಂತಿರುವುದು ಆ ಶುಲ್ಕದ ಮೇಲೆ.

ಆದರೆ ಶುಲ್ಕ ಬರುವುದು ಸ್ಥಾವರ ಓಡಿದ ಮೇಲೆ. ಕಟ್ಟಿ ಮುಗಿಯುವವರೆಗೆ ಬ್ಯಾಂಕುಗಳು ಸಾಮಾನ್ಯವಾಗಿ ಪಾಲುದಾರರಿಂದಲೇ ಗ್ಯಾರಂಟಿ ಕೇಳುತ್ತವೆ, ಅವರವರ ಪಾಲಿಗೆ ತಕ್ಕಂತೆ. ದೊಡ್ಡ ಕಂಪನಿಗೆ ಇದು ಸುಲಭ. ಬಡ ದೇಶದ ಸರ್ಕಾರಿ ಕಂಪನಿಗೆ? ಮೊಜಾಂಬಿಕ್ ಎಲ್‌ಎನ್‌ಜಿಯಲ್ಲಿ ಅಲ್ಲಿನ ಸರ್ಕಾರಿ ಕಂಪನಿ ಇಎನ್‌ಎಚ್‌ಗೆ ಶೇ 15 ಪಾಲಿದೆ, ನಮ್ಮ ದೇಶದ ಕಂಪನಿಗಳಿಗೆ ಒಟ್ಟು ಶೇ 30. ಇಂಥ ಕಡೆ ಸರ್ಕಾರಿ ಕಂಪನಿಯ ಖರ್ಚನ್ನು ಉಳಿದವರು ಹೊತ್ತು, ಮುಂದೆ ಅದರ ಆದಾಯದಲ್ಲಿ ಬಡ್ಡಿ ಸಮೇತ ಮುರಿದುಕೊಳ್ಳುವ ಪದ್ಧತಿ ಇದೆ. 2020ರಲ್ಲಿ ಈ ಪ್ರಾಜೆಕ್ಟಿಗೆ 1,490 ಕೋಟಿ ಡಾಲರ್ ಸಾಲ ಹೊಂದಿಕೆಯಾಯಿತು. 2021ರಲ್ಲಿ ಪ್ರಾಜೆಕ್ಟಿನ ಹತ್ತಿರದ ಪಾಲ್ಮಾ ಊರಿನ ಮೇಲೆ ದಾಳಿಯಾಗಿ ಕೆಲಸ ನಿಂತಿತು. ಹೀಗೆ ವರ್ಷಗಟ್ಟಲೆ ನಿಂತರೆ ಹೊತ್ತವರ ಬಡ್ಡಿ ಬೆಳೆಯುತ್ತದೆ, ಹೊರಿಸಿದ ದೇಶದ ಕೈಗೆ ದುಡ್ಡು ಬರುವ ದಿನ ಇನ್ನೂ ದೂರ ಹೋಗುತ್ತದೆ.