ಬೋರ್ಡ್ ಮ್ಯಾಲ ಬರದದ್ದು 3000, ಖರೇ ಎಷ್ಟು?

"ಹಾಡು ಕೇಳಸ್ತದ, ಮಾತೇ ತಿಳಿವಲ್ತು ನೋಡಪಾ" ಅಂದ್ರು ನಮ್ಮ ದೊಡ್ಡಪ್ಪ. ಶ್ರಾವಣದ ಭಜನಿಗಿ ಅಂತ ನಾನೂ ನಮ್ಮಣ್ಣನ ಮಗನೂ ಕೂಡಿ ಮನ್ಯಾಗೇ ಪ್ಲೈವುಡ್ ಕೊಯ್ದು ಎರಡು ಸ್ಪೀಕರ್ ಬಾಕ್ಸ್ ಕಟ್ಟಿದ್ವಿ, ಕಲಬುರಗಿ ಸೂಪರ್ ಮಾರ್ಕೆಟ್‌ದಾಗ ರೆಡಿಮೇಡ್ ಕ್ರಾಸೋವರ್ ಬೋರ್ಡ್, ಅಂದ್ರ ದಪ್ಪ ದನಿ ದೊಡ್ಡ ಸ್ಪೀಕರ್‌ಗೆ ಸಣ್ಣ ದನಿ ಸಣ್ಣ ಸ್ಪೀಕರ್‌ಗೆ ಹಂಚೋದು, ತಗೊಂಡಿದ್ವಿ, ಅದರ ಮ್ಯಾಲ ದೊಡ್ಡದಾಗಿ 3000 ಹರ್ಟ್ಜ್ ಅಂತ ಪ್ರಿಂಟ್ ಬ್ಯಾರೆ, ಅಂದ್ರ ಸೆಕೆಂಡಿಗೆ 3000 ಸಲ ಅಲುಗಾಡೋ ದನಿಯ ಹತ್ರ ಹಂಚ್ತದಂತ. ತಬಲಾ ಛಲೋ, ತಾಳ ಛಲೋ, ಹಾಡೋರ ಬಾಯಾಗಿನ ಸ, ಶ, ಚ, ತ ಅಷ್ಟೇ ಮಾಯ.

ಹುಡುಗ ತನಗ ತಿಳದಷ್ಟು ಹೇಳ್ದ: "ಕಾಕಾ, ವೈರ್ ಉಲ್ಟಾ ಹಾಕೀವಿ, ವೈರ್‌ಗೂ ದಿಕ್ಕು ಇರ್ತದಂತ, ಬಾಣದ ಗುರ್ತು ನೋಡಿ ಹಾಕಬೇಕಂತ." ನನಗ ಸಿಟ್ಟು ಬರೋದು ಇಲ್ಲೇ. ಪ್ಲಸ್ ಮೈನಸ್ ಅದಲು ಬದಲಾದ್ರ ಫರಕ್ ಆಗ್ತದ, ಅದು ಬ್ಯಾರೆ ಮಾತು. ಆದ್ರ 3000 ಹರ್ಟ್ಜ್ ಕರೆಂಟು ಸೆಕೆಂಡಿಗೆ 6000 ಸಲ ದಿಕ್ಕು ಬದಲಸ್ತದ, ಅದು ನಿಮ್ಮ ಬಾಣ ನೋಡ್ಕೋತ ಕೂಡ್ತದೇನು?

ತಪ್ಪಿದ್ದದ್ದು ಬ್ಯಾರೆ ಕಡಿ. ಬೋರ್ಡ್‌ನ್ಯಾಗ ಇದ್ದದ್ದು ಎರಡೇ ಸಾಮಾನು, ವೂಫರ್‌ಗೆ (ದಪ್ಪ ದನಿಯ ದೊಡ್ಡ ಸ್ಪೀಕರ್) 0.42 ಮಿಲಿಹೆನ್ರಿ ಕಾಯಿಲ್, ಟ್ವೀಟರ್‌ಗೆ (ಸಣ್ಣ ದನಿಯ ಸಣ್ಣ ಸ್ಪೀಕರ್) 6.6 ಮೈಕ್ರೋಫ್ಯಾರಡ್ ಕಾಪಾಸಿಟರ್. ಕಾಯಿಲ್ ಅಂದ್ರ ತೊಗರಿ ಚೀಲ ಹೇರಿದ ಬಂಡಿ ಇದ್ದಂಗ, ನಿಧಾನಕ್ಕ ನೂಕಿದ್ರ ಹೊಂಟ್ತದ, ಗಡಬಡಿಸಿ ಹಿಂದ ಮುಂದ ಅಲುಗಾಡ್ಸಾಕ ಹೋದ್ರ ಜಗ್ಗಂಗಿಲ್ಲ. ಕಾಪಾಸಿಟರ್ ಇದರ ಉಲ್ಟಾ, ನೀರಿನ ಪೈಪಿನ ನಡುವ ರಬ್ಬರ್ ಹಾಳಿ ಬಿಗದಂಗ. ಒಂದೇ ಕಡಿ ನೂಕ್ತಾ ಹೋದ್ರ ಹಾಳಿ ಉಬ್ಬಿ ನಿಂತುಬಿಡ್ತದ, ಸಣ್ಣಗ ಜಲ್ದಿ ಜಲ್ದಿ ಅಲುಗಾಡಿಸಿದ್ರ ಆಚಿ ಕಡಿ ನೀರೂ ಹಂಗೇ ಅಲುಗಾಡ್ತದ. ಮಂದಿ ಕ್ರಾಸೋವರ್ ಅಂದ್ರ ಸಾಣಗಿ ಅಂತಾರ, ದಾಲ್ ಮಿಲ್ಲಿನ್ಯಾಗ ಬ್ಯಾಳಿ ಒಂದು ಕಡಿ ಹೊಟ್ಟು ಒಂದು ಕಡಿ. ಅಲ್ರಿ, ಹಂಗ ಕಡದು ಬೀಳಂಗಿಲ್ಲ, ಅದು ಇಳಿಜಾರು. ಇಂಥ ಬೋರ್ಡ್‌ನ್ಯಾಗ ಒಂದು ಆಕ್ಟೇವ್‌ಗೆ, ಅಂದ್ರ ಹರ್ಟ್ಜ್ ದುಪ್ಪಟ್ಟು ಇಲ್ಲಾ ಅರ್ಧ ಆದಾಗ, 6 ಡೆಸಿಬೆಲ್ ಅಷ್ಟೇ ಇಳೀತದ, ವೋಲ್ಟೇಜು ಅರ್ಧ ಆದಂಗ.

ಮುಖ್ಯ ಮಾತಂದ್ರ ಬಂಡಿ ಎಷ್ಟು ಭಾರ ಅನ್ನೋದು ನೂಕೋರ ರಟ್ಟಿ ಮ್ಯಾಲ ಅದ. ಬರೇ ಕಾಯಿಲ್‌ಗೆ ಯಾವ ಹರ್ಟ್ಜೂ ಇಲ್ಲ, ಸ್ಪೀಕರಿನ ಓಮ್ (ಕರೆಂಟಿಗೆ ಅದು ಒಡ್ಡೋ ತಡಿ) ಜೋಡಿ ಸೇರಿದಾಗಷ್ಟೇ ಅದಕ್ಕೊಂದು ಲೆಕ್ಕ ಹುಟ್ತದ. ಬೋರ್ಡ್ ಮಾಡಿದೋರು 8 ಓಮ್ ಅಂತ ಹಿಡದು 3000 ಬರದಾರ, ನಾವು ಹಾಕಿದ್ದು ಎರಡೂ 4 ಓಮ್. ಓಮ್ ಅರ್ಧ ಆದ್ರ ಕಾಯಿಲ್‌ನ ಗಡಿ 3000 ಹೋಗಿ 1500ಕ್ಕ ಇಳೀತದ, ಕಾಪಾಸಿಟರ್‌ನದು 6000ಕ್ಕ ಏರ್ತದ. ಒಂದು ಕೆಳಗ, ಒಂದು ಮ್ಯಾಲ! ನಡುವ ಎರಡು ಆಕ್ಟೇವ್ ತಗ್ಗು ಬಿತ್ತು, 3000ದ ಹತ್ರ ಎರಡೂ ಕೂಡಿದ್ರೂ ನೂರಕ್ಕ ನಲವತ್ತರಷ್ಟೇ ವೋಲ್ಟೇಜು. ಸ, ಶ, ಚ ಇರೋದು ಅದೇ ತಗ್ಗಿನ್ಯಾಗ. ಈ ಲೆಕ್ಕ ಕೂಡಿದಾಗ ನನಗ ಆದ ಖುಷಿ ಏನ್ ಹೇಳ್ಲಿ, ದೊಡ್ಡಪ್ಪ ಬರೇ ಕಿವೀಲೇ ಇದನ್ನ ಹಿಡದಿದ್ರು.

ಮಜಾ ಅಂದ್ರ ಹಿಂಗ ಹರ್ಟ್ಜ್ ನೋಡಿ ಬೇರ್ಪಡಿಸೋ ಈ ಫಿಲ್ಟರ್ ಹುಟ್ಟಿದ್ದು ಹಾಡಿಗಲ್ಲ, ಟೆಲಿಫೋನಿಗೆ. ಒಂದೇ ಜೋಡಿ ತಂತಿ ಮ್ಯಾಲ ನಾಕಾರು ಮಂದಿ ಮಾತು ಕಳಸಬೇಕು, ಆಚಿ ಕಡಿ ಮತ್ತ ಬಿಡಿಸಬೇಕು. ಅಮೆರಿಕದ ಎಟಿ ಅಂಡ್ ಟಿ ಕಂಪನಿಯ ಜಾರ್ಜ್ ಕ್ಯಾಂಬೆಲ್‌ಗೆ 1917ರಾಗ ಇದರ ಪೇಟೆಂಟ್ ಸಿಕ್ತು, ಜರ್ಮನಿಯ ವಾಗ್ನರ್ ಅನ್ನೋರೂ ತಮ್ಮಷ್ಟಕ್ಕ ತಾವೇ ಅಲ್ಲಿಗೇ ಮುಟ್ಟಿದ್ರು. ಅದೇ ಕಂಪನಿಯ ಒಟ್ಟೋ ಜೋಬೆಲ್ ಹೆಸರಿನ ಸಣ್ಣ ಜುಗಾಡನ್ನ ಇವತ್ತೂ ವೂಫರ್‌ಗೆ ಹಚ್ತೀವಿ, ಒಂದು ರೆಸಿಸ್ಟರ್, ಒಂದು ಕಾಪಾಸಿಟರ್, ವೂಫರಿನ ಓಮ್ ಮ್ಯಾಲ ಏರದಂಗ ಹಿಡ್ಯಾಕ. ಯಾಕಂದ್ರ 8 ಓಮ್ ಅಂತ ಬರದ ವೂಫರ್ ಮಲ್ಟಿಮೀಟರ್‌ನ್ಯಾಗ 6ರ ಆಸುಪಾಸು ತೋರಸ್ತದ, ಅದರ ಒಳಗಿನ ಕಾಯಿಲ್‌ನಿಂದ 3000 ಹರ್ಟ್ಜ್‌ನ್ಯಾಗ ಅದೇ ಹತ್ತು ದಾಟಬಹುದು.

ನಾವು ಮಾಡಿದ್ದಿಷ್ಟು: ಕಾಪಾಸಿಟರ್‌ಗೆ ಅಂಥದೇ ಇನ್ನೊಂದು ಬಾಜೂಕ ಹಚ್ಚಿ 13.2 ಮಾಡಿದ್ವಿ. ಕಾಯಿಲ್ ಅರ್ಧ ಆಗಬೇಕು ಅಂತ ಹುಡುಗ ಅರ್ಧ ಸುತ್ತು ಬಿಚ್ಚಾಕ ಕೂತಿದ್ದ, ಕೈ ಹಿಡದೆ. ಹೆನ್ರಿ (ಕಾಯಿಲ್‌ನ ಅಳತಿ) ಏರೋದು ಸುತ್ತಿನ ವರ್ಗದಂಗ, ಅರ್ಧ ಬಿಚ್ಚಿದ್ರ ಕಾಲು ಭಾಗಾನೂ ಉಳ್ಯಂಗಿಲ್ಲ. ಹತ್ತಕ್ಕ ಎರಡರಷ್ಟು ಬಿಚ್ಚಿ ಮೀಟರ್ ಹಚ್ಚು, ಮತ್ತ ನಾಕು ಸುತ್ತು ಬಿಚ್ಚು ಅಂದೆ. 0.21ಕ್ಕ ಬರೋತನಕ ರಾತ್ರಿ ಹನ್ನೊಂದಾಗಿತ್ತು, ದೊಡ್ಡಪ್ಪ ಮಲಗಿಬಿಟ್ಟಿದ್ರು. ಮುಂಜಾನೆ ಹಚ್ಚಿದ್ವಿ, ಒಂದು ಹಾಡು ಪೂರಾ ಕೇಳಿ "ಈಗ ತಾಳ ಜಾಸ್ತಿ ಆತಲ್ಲೋ" ಅಂದ್ರು. ಅದನ್ನ ಇಳಸಾಕ ಟ್ವೀಟರ್ ಮುಂದ ಒಂದು ರೆಸಿಸ್ಟರ್ ಹಾಕೋದು ಬಾಕಿ ಅದ.